ದೋಟಿಯ ತುದಿಯ ಸ್ಟೀಲ್ ತಟ್ಟೆ

ಭೂಮಿ ಸ್ಥಿರವಾದದ್ದು, ಅದರ ಮೇಲೆ ಓಡಾಡುವ ಮನುಷ್ಯ ಮಾತ್ರ ಚಂಚಲ. ಬದುಕಿನ ಬಗ್ಗೆ ಗಂಭೀರವಾಗಿ ಯೋಚಿಸಿದವರೆಲ್ಲ ಒಂದಲ್ಲ ಒಂದು ದಿನ ಈ ಮಾತಿಗೆ ಬಂದು ನಿಲ್ಲುತ್ತಾರೆ. ಅವರಲ್ಲಿ ಒಬ್ಬರೂ ಗಡಿಕಲ್ಲು ಹುಡುಕಲು ಹೋದವರಲ್ಲ.

ನಾನು ಹೋಗಿದ್ದೇನೆ. ಪರವಾನಗಿ ಪಡೆದ ಖಾಸಗಿ ಸರ್ವೆಯರ್ ಎಂಬ ಬಿರುದಿನಡಿ ಪುತ್ತೂರು, ಸುಳ್ಯ, ಕಡಬದ ಗುಡ್ಡೆಗಳಲ್ಲಿ ಸರಪಳಿ ಎಳೆದೂ ಎಳೆದೂ ನನ್ನ ತಲೆ ನರೆತಿದೆ. ನಾನು ಕಂಡ ಹಾಗೆ ಮನುಷ್ಯ ಬಹಳ ಸ್ಥಿರ. ಅಜ್ಜ ಆಡಿದ ಜಗಳವನ್ನೇ ಮೊಮ್ಮಗನೂ ಅದೇ ಗದ್ದೆಯ ಕಟ್ಟಪುಣಿಯ ಮೇಲೆ ನಿಂತು, ಅದೇ ಬೈಗುಳ ಹಾಕಿ ಆಡುತ್ತಾನೆ. ತಿರುಗಾಡುವುದು ಕಲ್ಲುಗಳು. ಒಂದು ಮಳೆಗಾಲದಲ್ಲಿ ಅವು ತೋಡಿನ ನೀರಿನ ಕಡೆಗೆ ಜಾರುತ್ತವೆ. ಮುಂದಿನ ಬೇಸಗೆಯಲ್ಲಿ ಯಾರದೋ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿ ಪತ್ತೆಯಾಗುತ್ತವೆ. ಕೆಲವು ತಾವಾಗಿಯೇ ನೆರೆಯವರ ಜಾಗದೊಳಗೆ ನಾಲ್ಕು ಹೆಜ್ಜೆ ಹೋಗಿ ನಿಂತಿರುತ್ತವೆ. ಕೇಳಿದರೆ, "ಅದು ಮೊದಲಿಂದಲೂ ಅಲ್ಲೇ ಉಂಟು ಮಾರಾಯ್ರೆ" ಎಂಬ ಉತ್ತರ ಸಿದ್ಧವಿರುತ್ತದೆ. ಇನ್ನು ಭೂಮಿಯ ಸ್ಥಿರತೆಯ ಬಗ್ಗೆ ಹೇಳುವುದಾದರೆ, ಪಂಜದ ಆಚೆ ನಾನು ಅಳೆದ ಒಂದು ಜಾಗ ಪುತ್ತೂರು ತಾಲೂಕಿನಲ್ಲಿ ಹುಟ್ಟಿ, ಸುಳ್ಯ ತಾಲೂಕಿನಲ್ಲಿ ಬೆಳೆದು, ಈಗ ಕಡಬ ತಾಲೂಕಿನಲ್ಲಿ ಸಂಸಾರ ಮಾಡಿಕೊಂಡಿದೆ. ಇಷ್ಟೆಲ್ಲ ಊರು ಸುತ್ತುವಾಗ ಅದು ಕೂತಲ್ಲಿಂದ ಎದ್ದಿರಲಿಲ್ಲ. ನಾನು ಹೇಳಹೊರಟಿರುವುದು ಆ ಜಾಗದ ಕಥೆಯನ್ನೇ.

ಅದಕ್ಕೆ ಮೊದಲು ನನ್ನ ಕೈಗೆ ಉಪಗ್ರಹಗಳು ಹೇಗೆ ಬಂದವು ಎಂಬುದನ್ನು ಹೇಳಬೇಕು.

ಆಕಾಶದ ಸಂಕೇತ ಹಿಡಿದು ಬೆರಳಗಲದ ನಿಖರತೆಯಲ್ಲಿ ಜಾಗ ತೋರಿಸುವ ದೊಡ್ಡ ಯಂತ್ರಗಳನ್ನು ಹೆದ್ದಾರಿಯ ಸರ್ವೆಯವರ ಹತ್ತಿರ ನೋಡಿದ್ದೆ. ಅದರ ಬೆಲೆಗೆ ಒಂದು ಜೀಪು ಬರುತ್ತದೆ ಎಂದು ತಿಳಿದ ದಿನ, ಸರಪಳಿಯಂಥ ಸಾಧನ ಲೋಕದಲ್ಲಿ ಇನ್ನೊಂದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಆಮೇಲೆ ಅದೇ ಕೆಲಸ ಮಾಡುವ ಪುಟ್ಟ ರಿಸೀವರ್‌ಗಳು ಬಂದಿವೆ, ಜೀಪಿನ ಟಯರುಗಳ ಬೆಲೆಗೆ ಒಂದು ಜೊತೆ ಸಿಗುತ್ತದೆ ಎಂದು ಯಾರೋ ಹೇಳಿದರು. ಸರಪಳಿಯ ಮೇಲಿನ ನನ್ನ ನಿಷ್ಠೆ ಆ ಸಂಜೆಯೇ ಸಡಿಲಾಯಿತು.

ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಬೀಡಿಕಟ್ಟಿನಷ್ಟು ದೊಡ್ಡದಾದ ಎರಡು ಹಸಿರು ಹಲಗೆಗಳು, ಬೆಂಕಿಪೊಟ್ಟಣದಂಥ ಎರಡು ಆಂಟೆನಾಗಳು. ಮನೆಯಾಕೆ ಕನ್ನಡಕ ಹಾಕಿಕೊಂಡು ನೋಡಿದಳು.

"ಬಾಕಿದ್ದು ನಾಳೆ ಬರುದಾ?" ಎಂದು ಕೇಳಿದಳು.

ಬಾಕಿ ಏನೂ ಇರಲಿಲ್ಲ. ಅದರ ತತ್ವ ಸರಳ. ಒಂದು ರಿಸೀವರ್ ಇಟ್ಟಲ್ಲಿ ಅಲ್ಲಾಡದೆ ಕೂರುತ್ತದೆ. ತಾನು ಎಲ್ಲಿದ್ದೇನೆಂದು ಅದಕ್ಕೆ ಮೊದಲೇ ಗೊತ್ತು. ಹಾಗಾಗಿ ಆಕಾಶ ತನಗೆ ಈ ಕ್ಷಣ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದನ್ನು ಲೆಕ್ಕ ಹಾಕಿ, ಸಣ್ಣ ರೇಡಿಯೋ ಮೂಲಕ ಜೊತೆಯದಕ್ಕೆ ತಿಳಿಸುತ್ತದೆ. ಎರಡನೆಯದು ನಮ್ಮ ಕೈಯಲ್ಲಿ ತಿರುಗುತ್ತ, ತಾನು ಕೇಳಿದ್ದರಿಂದ ಆ ಸುಳ್ಳನ್ನು ಕಳೆದು ಉಳಿದ ಸತ್ಯವನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಸತ್ಯ ಪೂರ್ತಿ ಸಿಕ್ಕಿತೆಂದರೆ ಪರದೆಯಲ್ಲಿ ಹಸಿರು ಅಕ್ಷರದಲ್ಲಿ 'ಫಿಕ್ಸ್'. ಅರೆಬರೆ ಸಿಕ್ಕಿದರೆ ಹಳದಿಯಲ್ಲಿ 'ಫ್ಲೋಟ್'. ನಾನು ಕಂಡ ಸಾಕ್ಷಿದಾರರಲ್ಲಿ ಇಷ್ಟು ಪ್ರಾಮಾಣಿಕವಾಗಿ 'ನನಗೆ ಸರಿಯಾಗಿ ಗೊತ್ತಿಲ್ಲ' ಎಂದು ಹೇಳಿದವರು ಬೇರೆ ಇಲ್ಲ.

ಆಂಟೆನಾದ ಅಡಿಯಲ್ಲಿ ಲೋಹದ ತಗಡು ಇದ್ದರೆ ಒಳ್ಳೆಯದು, ನೆಲದಿಂದ ಪುಟಿದು ಬರುವ ಸಂಕೇತಗಳನ್ನು ಅದು ತಡೆಯುತ್ತದೆ ಎಂದು ಓದಿದೆ. ಅಡುಗೆಮನೆಯಿಂದ ಎರಡು ಸ್ಟೀಲ್ ತಟ್ಟೆ ತಂದೆ. ಒಂದರ ಹಿಂಬದಿಯಲ್ಲಿ ಯಾವುದೋ ಮದುವೆಯ ತಾರೀಕು ಕೊರೆದಿತ್ತು. ಆ ತಟ್ಟೆಯ ನಡುವೆ ಆಂಟೆನಾ ಅಂಟಿಸಿ, ತಾರಸಿಯಲ್ಲಿ ಸಂಡಿಗೆ ಒಣಗಲು ಹಾಕಿದ ಚಾಪೆಯ ಪಕ್ಕ ಇಟ್ಟು, ಮೊಳೆ ಹೊಡೆದು ಗುರುತು ಮಾಡಿದೆ. ಮರುದಿನ ಬೆಳಿಗ್ಗೆ ಅದೇ ಮೊಳೆಯ ಮೇಲೆ ಇಟ್ಟು ನೋಡಿದರೆ ಹೆಬ್ಬೆರಳಗಲದ ವ್ಯತ್ಯಾಸವೂ ಇಲ್ಲ. ನಾನು ಕೆಳಗೆ ಬಂದು ಚಹಾ ಕುಡಿದು ಮತ್ತೆ ಮೇಲೆ ಹೋದೆ. ಹಾಗೇ ಇತ್ತು. ಸ್ನಾನ ಮಾಡಿ ಮತ್ತೆ ಹೋದೆ.

"ಎಂತ, ಮೇಲೆ ಕೆಳಗೆ ಹೋಗುದು?" ಎಂದಳು ಮನೆಯಾಕೆ.

"ಭೂಮಿಯ ಮೇಲೆ ನಮ್ಮ ಮನೆ ಎಲ್ಲಿದೆ ಅಂತ ಖಚಿತವಾಯಿತು" ಎಂದೆ.

"ಇಷ್ಟು ವರ್ಷ ಎಲ್ಲಿಗೆ ಬರ್ತಾ ಇದ್ರಿ ಹಾಗಾದ್ರೆ?" ಎಂದು ಸಂಡಿಗೆ ಮಗುಚಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ನ್ಯಾಯವಾಗಿಯೇ ಒಂದು ಮಾತು ಸೇರಿಸಿದಳು. "ಆ ತಟ್ಟೆ ಇಟ್ಟ ಮೇಲೆ ಕಾಗೆ ಬರುದಿಲ್ಲ. ಅಷ್ಟು ಉಪಕಾರ ಉಂಟು."

ಆ ವಾರ ನಾನು ಅಳೆಯದ ವಸ್ತು ನಮ್ಮ ಬೀದಿಯಲ್ಲಿ ಉಳಿಯಲಿಲ್ಲ. ಬಾವಿಕಟ್ಟೆ, ಗೇಟು, ವಿದ್ಯುತ್ ಕಂಬ, ಎದುರು ಮನೆಯ ತೆಂಗಿನ ಮರ, ಎಲ್ಲವೂ ಅಕ್ಷಾಂಶ ರೇಖಾಂಶ ಪಡೆದು ಪಾವನವಾದವು. ನನ್ನ ಸ್ವಂತ ಕಂಪೌಂಡು ಗೋಡೆ ಒಂದು ಗೇಣು ರಸ್ತೆಯೊಳಗೆ ನಿಂತಿದೆ ಎಂಬುದೂ ಆಗಲೇ ಗೊತ್ತಾಯಿತು. ಇನ್ನಷ್ಟು ಅಧ್ಯಯನದ ಅಗತ್ಯವಿರುವುದರಿಂದ ಆ ಅಳತೆಯನ್ನು ಇನ್ನೂ ಪ್ರಕಟಿಸಿಲ್ಲ.

ಹೀಗೆ ವಿಜ್ಞಾನದ ಮದ ಏರಿದ್ದ ದಿನಗಳಲ್ಲಿ ಪಂಜ ಪೇಟೆಯ ಟೈಲ್ಸ್ ಅಂಗಡಿಯ ಬ್ಯಾರಿಗಳು ನನ್ನನ್ನು ಹುಡುಕಿಕೊಂಡು ಬಂದರು. ಆಳು ಒಬ್ಬರೇ, 'ಗಳು' ಗೌರವಕ್ಕೆ. ಬಹಳ ಕಾಲ ಗಲ್ಫಿನಲ್ಲಿದ್ದು ಬಂದವರು, ನನ್ನದೇ ವಯಸ್ಸು. ಹಿಂದೊಮ್ಮೆ ಅವರ ಅಂಗಡಿಯ ಜಾಗ ಅಳೆದುಕೊಟ್ಟಿದ್ದೆ. ಈಗ ಬಂದದ್ದು ಮನೆಯ ದಾರಿಯ ವಿಷಯಕ್ಕೆ.

ಅವರ ಮನೆ ಒಂದು ಕಣಿವೆಯ ತಲೆಯಲ್ಲಿ, ಸ್ವಲ್ಪ ಎತ್ತರದಲ್ಲಿದೆ. ಡಾಂಬರು ರಸ್ತೆಯಿಂದ ಅಲ್ಲಿಗೆ ತೋಡಿನ ಬದಿಯಲ್ಲೇ ಕಾಲುದಾರಿ. ದಾರಿಯ ಒಂದು ಪಕ್ಕ ತೋಡು, ಇನ್ನೊಂದು ಪಕ್ಕ ನೆರೆಯವರ ಅಡಿಕೆ ತೋಟ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಉಮ್ಮ, ಇದ್ದಾರೆ. ಅವರ ಎರಡು ಮೊಣಕಾಲುಗಳೂ ಮುಷ್ಕರ ಹೂಡಿವೆ. ಆಸ್ಪತ್ರೆಗೆ ಹೋಗಬೇಕಾದರೆ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತುಕೊಂಡು ರಸ್ತೆಗೆ ತರಬೇಕು.

"ಹೋದ ಸಲ ಹೊತ್ತದ್ದೇ ಕೊನೆ ಅಂತ ಹೇಳಿದ್ದಾರೆ" ಎಂದರು ಬ್ಯಾರಿಗಳು. "ಇನ್ನು ನಾಲ್ಕು ಜನ ನನ್ನನ್ನು ಹೊರುದು ಮಯ್ಯತ್ ಆದ ಮೇಲೆಯೇ, ಜೀವ ಇರುವಾಗ ನಾನು ಕೂತು ಹೋಗುದು, ಗಾಡಿಯಲ್ಲಿ ಹೋಗುದು ಅಂತ. ಪೆರ್ನಾಳ್ ಹಬ್ಬ ಕಳೆದು ಕಲ್ಲುಗುಂಡಿಯಲ್ಲಿ ಮೊಮ್ಮಗಳ ನಿಕಾಹ್ ಉಂಟು. ಗಾಡಿ ಅಂಗಳಕ್ಕೆ ಬಂದ್ರೆ ಬರ್ತೇನೆ, ಇಲ್ಲದಿದ್ರೆ ಇಲ್ಲ ಅಂತ ಹಟ. ಮೊಮ್ಮಗಳು ಅಲ್ಲಿ ಅಳುದು, ಇವರು ಇಲ್ಲಿ ಊಟ ಬಿಡುದು."

ಪಂಚಾಯತಿನವರು ಒಂದು ಮಾತು ಕೊಟ್ಟಿದ್ದರು. ತೋಡಿಗೂ ತೋಟದ ಗಡಿಗೂ ನಡುವೆ ಸರ್ಕಾರಿ ಪುರಂಬೋಕು ಜಾಗ ಹತ್ತು ಅಡಿ ಅಗಲ ಇದ್ದರೆ ಜೆಸಿಬಿ ಕಳಿಸುತ್ತೇವೆ, ಅದಕ್ಕಿಂತ ಕಡಿಮೆ ಇದ್ದರೆ ಖಾಸಗಿ ಜಾಗದ ತಂಟೆ ನಮಗೆ ಬೇಡ ಎಂದು. ತೋಟದ ಯಜಮಾನರೂ ಮಾತು ಕೊಟ್ಟಿದ್ದರು. ಅದು ಇನ್ನೂ ಚೊಕ್ಕ. "ನನ್ನ ಗಡಿಯೊಳಗೆ ಒಂದು ಇಂಚು ಬಿಡುದಿಲ್ಲ. ಗಡಿಯಾಚೆ ಇದ್ರೆ ಆನೆ ಹೋಗುವಷ್ಟು ಅಗಲ ಮಾಡಿ, ನಾನು ಕೇಳುದಿಲ್ಲ." ಆದರೆ ಗಡಿ ಎಲ್ಲಿ ಎಂದು ಹೇಳಬೇಕಾದ ತೋಡಿನ ಬದಿಯ ಗಡಿಕಲ್ಲು, ಗಡಿಕಲ್ಲುಗಳ ಸಹಜ ಧರ್ಮದಂತೆ, ಕಾಣೆಯಾಗಿತ್ತು.

ಒಂದು ಬೆಳಿಗ್ಗೆ ನಾನು ಎರಡು ಬೀಡಿಕಟ್ಟುಗಳನ್ನೂ ಎರಡು ತಟ್ಟೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಬಸ್ಸಿನಲ್ಲಿ ತಟ್ಟೆಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಪಕ್ಕದಲ್ಲಿ ಕುಳಿತವರು, "ಅಡುಗೆಗಾ?" ಎಂದು ಕೇಳಿದರು. ಹೌದೆಂದೆ. ಅದಕ್ಕಿಂತ ಸರಳವಾದ ವಿವರಣೆ ನನ್ನಲ್ಲಿರಲಿಲ್ಲ.

ತೋಟದ ಯಜಮಾನರು ಬಿಳಿ ಪಂಚೆ ಎತ್ತಿಕಟ್ಟಿ ದಾರಿಯಲ್ಲೇ ಕಾಯುತ್ತಿದ್ದರು. ಅವರೂ ಬ್ಯಾರಿಗಳೂ ಪಂಜದ ಶಾಲೆಯಲ್ಲಿ ಒಂದೇ ಬೆಂಚಿನವರಂತೆ. ಒಬ್ಬರ ಮೇಲೊಬ್ಬರು ಅರ್ಜಿ ಕೊಡುವ ದಿನವೂ ಇಬ್ಬರೂ ಒಟ್ಟಿಗೆ ಹೋಗಿ, ಒಟ್ಟಿಗೆ ಹೊಟೇಲಿನಲ್ಲಿ ಬನ್ಸ್ ತಿಂದು ಬರುತ್ತಿದ್ದರು.

"ಯಂತ್ರ ಎಲ್ಲಿ?" ಎಂದರು ಯಜಮಾನರು. ತೋರಿಸಿದೆ.

"ಬ್ಯಾರಿಗಳೇ, ನೀವು ಹೇಳುವಾಗ ನಾನು ಎಂತದೋ ದೊಡ್ಡದು ಅಂತ ಹೆದರಿದ್ದೆ. ಇದು ನಮ್ಮ ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟು ಉಂಟು."

"ಹೆದರುದು ಆಮೇಲೆ ಹೆದರುವ, ಮೊದಲು ಅಳೆಯಲಿ" ಎಂದರು ಬ್ಯಾರಿಗಳು.

ತೋಟದ ಮೇಲಿನ ಗುಡ್ಡೆ ಬೋಳು ಪಾದೆಕಲ್ಲು. ಆಕಾಶ ಅಲ್ಲಿ ಪೂರ್ತಿ ತೆರೆದುಕೊಂಡಿದೆ. ಅಲ್ಲಿ ಹಳೆಯ ನಕ್ಷೆಯ ಎರಡು ಗಡಿಕಲ್ಲುಗಳು ಇನ್ನೂ ಮರ್ಯಾದೆಯಿಂದ ಇಟ್ಟಲ್ಲೇ ಇದ್ದವು. ಒಂದು ರಿಸೀವರನ್ನು ಸ್ಥಿರವಾಗಿ ಕೂರಿಸಿ, ಇನ್ನೊಂದನ್ನು ಕಲ್ಲಿನಿಂದ ಕಲ್ಲಿಗೆ ಒಯ್ದೆ. ಹಸಿರು ಅಕ್ಷರ ಬಂತು. ಎರಡು ಕಲ್ಲುಗಳ ನಡುವಿನ ದೂರವನ್ನು ಹಳೆಯ ನಕ್ಷೆಯಲ್ಲಿ ಲಿಂಕುಗಳಲ್ಲಿ, ಅಂದರೆ ಸರಪಳಿಯ ಕೊಂಡಿಗಳ ಲೆಕ್ಕದಲ್ಲಿ ಬರೆದಿತ್ತು. ನಾನು ಅದನ್ನು ಮೀಟರಿಗೆ ತಿರುಗಿಸಿ ಮೊಬೈಲಿನ ಪಕ್ಕ ಹಿಡಿದೆ. ಎರಡೂ ಒಂದೇ. ಬ್ರಿಟಿಷರ ಕಾಲದಲ್ಲಿ ಯಾರೋ ಬಿಸಿಲಲ್ಲಿ ಬೆವರುತ್ತ ಎಳೆದ ಸರಪಳಿ ಮತ್ತು ಆಕಾಶದಲ್ಲಿ ಹಾರುವ ಉಪಗ್ರಹ ಒಂದೇ ಮಾತು ಹೇಳಿದ್ದನ್ನು ಕಂಡು ನಾನು ಆ ಕಲ್ಲಿಗೆ ಕೈ ಮುಗಿದೆ. ಬೇರೆ ಯಾರೂ ಮುಗಿಯಲಿಲ್ಲ. ಅವರು ಎಳನೀರು ಕುಡಿಯುತ್ತಿದ್ದರು.

ಇನ್ನು ಉಳಿದದ್ದು ಸುಲಭ ಎಂದುಕೊಂಡೆ. ಈ ಎರಡು ಕಲ್ಲುಗಳಿಂದ ಕಾಣೆಯಾದ ಕಲ್ಲು ಯಾವ ದಿಕ್ಕಿಗೆ, ಎಷ್ಟು ದೂರ ಎಂದು ನಕ್ಷೆಯಲ್ಲಿದೆ. ಅದರಿಂದ ಅದರ ಸ್ಥಾನ ಲೆಕ್ಕ ಹಾಕಿ ಮೊಬೈಲಿಗೆ ಕೊಟ್ಟರೆ, 'ಎಡಕ್ಕೆ ಬಾ, ಬಲಕ್ಕೆ ಹೋಗು' ಎಂದು ಅದೇ ಕರೆದುಕೊಂಡು ಹೋಗುತ್ತದೆ. ಅದು ನಿಲ್ಲು ಎಂದಲ್ಲಿ ಅಗೆದರೆ ಕಲ್ಲು. ಕಲ್ಲಿನಿಂದ ತೋಡಿನ ಅಂಚಿಗೆ ಟೇಪು ಹಿಡಿದರೆ ದಾರಿಯ ಅಗಲ. ನಾವು ಮೂವರೂ ಮೊಬೈಲನ್ನು ಹಿಂಬಾಲಿಸುತ್ತ ಗುಡ್ಡೆ ಇಳಿದೆವು.

ತೋಟದೊಳಗೆ ನಾಲ್ಕು ಹೆಜ್ಜೆ ಇಟ್ಟೆವು. ಹಸಿರು ಹೋಗಿ ಹಳದಿ ಬಂತು. ಅಡಿಕೆ ಮರಗಳ ತಲೆಗಳು ಮೇಲೆ ಒಂದನ್ನೊಂದು ಮುಟ್ಟಿಕೊಂಡು ಆಕಾಶವನ್ನು ಮುಚ್ಚಿದ್ದವು. ಮೊಬೈಲು ಒಮ್ಮೆ ನಮ್ಮನ್ನು ತೋಡಿನ ನೀರಿನಲ್ಲಿ ನಿಲ್ಲಿಸಿತು, ಒಮ್ಮೆ ತೋಟದ ನಡುವಿನ ಗೊಬ್ಬರದ ಗುಂಡಿಯಲ್ಲಿ.

"ಎಂತ ಹೇಳ್ತದೆ?" ಎಂದರು ಯಜಮಾನರು.

"ಮೇಲಿಂದ ಸಂಕೇತ ಒಳಗೆ ಬರುದಿಲ್ಲ" ಎಂದೆ.

"ಹಾಗಾದ್ರೆ ಬ್ಯಾರಿಗಳೇ, ಬೇಜಾರ ಮಾಡ್ಬೇಡಿ. ಉಪಗ್ರಹಕ್ಕೇ ನನ್ನ ತೋಟದೊಳಗೆ ದಾರಿ ಇಲ್ಲ, ನಿಮ್ಮ ಆಟೋಕ್ಕೆ ಎಲ್ಲಿಂದ ಬರುದು?"

ಬ್ಯಾರಿಗಳು ನಗಲಿಲ್ಲ. ತಲೆ ಎತ್ತಿ ಮೇಲಿನ ಸೋಗೆಗಳನ್ನು ನೋಡುತ್ತ ನಿಂತರು. ನಾನೂ ನೋಡಿದೆ. ಆಗ ತೋಟದ ಆಚೆ ಮಗ್ಗುಲಿನಲ್ಲಿ, ಆ ಸೋಗೆಗಳ ನಡುವಿನಿಂದ ಕಪ್ಪಗಿನ ಸಪೂರ ಕೋಲೊಂದು ಮೇಲೆ ಹೋಗಿ, ಗೊನೆಯೊಂದನ್ನು ಕಚ್ಚಿ, ಕೆಳಗೆ ತಂದಿತು.

ಅಡಿಕೆ ಕೊಯ್ಲಿನ ದಿನಗಳವು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ನಮ್ಮ ಕಡೆ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಗೊನೆ ಕೊಯ್ಯುತ್ತಾರೆ. ಕಾರ್ಬನ್ ಫೈಬರಿನ ದೋಟಿ. ಹಗುರ, ಕೊಳವೆಯೊಳಗೊಂದು ಕೊಳವೆ, ಎಳೆದಷ್ಟು ಉದ್ದವಾಗುತ್ತದೆ, ಅಡಿಕೆ ಮರದ ತಲೆಯನ್ನೂ ದಾಟಿ ಮೇಲೆ ಹೋಗುತ್ತದೆ.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಜಮಾನರೇ ಮೊದಲು ಬಾಯಿ ಬಿಟ್ಟರು. ತಮ್ಮ ತೋಟದ ಕೊನೆಯ ಸಾಲಿಗೆ ಇದರಿಂದ ಏನಾದೀತು ಎಂಬುದು ಅವರಿಗೆ ಗೊತ್ತಿಲ್ಲದೆ ಅಲ್ಲ. ಆದರೆ ಕೆಲವು ಯೋಚನೆಗಳು ಬಂದ ಮೇಲೆ ಸುಮ್ಮನಿರುವುದು ಮನುಷ್ಯನಿಂದಾಗದು.

"ಅದರ ತುದಿಗೆ ಕಟ್ಟಿದ್ರೆ ಹೇಗೆ?"

ಕೊಯ್ಲಿನವನನ್ನು ಕರೆದೆವು. ನಡುವಯಸ್ಸಿನವನು, ಸುತ್ತಲಿನ ತೋಟಗಳಿಗೆಲ್ಲ ಅವನೇ ಕೊಯ್ಲಿನವನು, ಕೈಯಲ್ಲಿ ದೋಟಿ ಇಲ್ಲದಿದ್ದರೆ ಏನೋ ಮರೆತು ಬಂದವನಂತೆ ಕಾಣುವವನು. ಕತ್ತಿ ಬಿಚ್ಚಿ, ಅದರ ಜಾಗದಲ್ಲಿ ನನ್ನ ತಟ್ಟೆಯನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದೆವು. ಹಸಿರು ಹಲಗೆ ಮತ್ತು ಪವರ್ ಬ್ಯಾಂಕನ್ನು ಯಜಮಾನರ ಮನೆಯ ಟಿಫಿನ್ ಡಬ್ಬಿಗೆ ಹಾಕಿ ತಟ್ಟೆಯ ಕೆಳಗೇ ಕಟ್ಟಿದೆವು. ದೋಟಿ ಕೊಳವೆ ಕೊಳವೆಯಾಗಿ ಮೇಲೇರಿತು. ಸೋಗೆಗಳು ಸರಿದವು. ಮದುವೆಯ ತಾರೀಕು ಹೊತ್ತ ತಟ್ಟೆ ಅಡಿಕೆ ತೋಟದ ನೆತ್ತಿಯ ಮೇಲೆ ಬಿಸಿಲಿಗೆ ಹೊಳೆಯುತ್ತ ನಿಂತಿತು.

ಮೊಬೈಲಿನಲ್ಲಿ ಹಳದಿ, ಹಳದಿ, ಹಳದಿ. ಆಮೇಲೆ ಹಸಿರು.

ನನ್ನ ವೃತ್ತಿಗೆ ಒಪ್ಪದ ರೀತಿಯಲ್ಲಿ ನಾನು ಒಂದು ಸಣ್ಣ ಕುಣಿತ ಕುಣಿದಿರಬೇಕು. ಯಜಮಾನರು ತಮ್ಮ ಚಪ್ಪಲಿ ಸರಿಸಿಕೊಂಡರು.

ಕಣಿವೆಯ ತಲೆಯಿಂದ, ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಉಮ್ಮನ ಸ್ವರ ತೋಡಿನುದ್ದಕ್ಕೂ ಇಳಿದು ಬಂತು. ಮೊಣಕಾಲು ಹೋದರೂ ಆ ಗಂಟಲಿಗೆ ಏನೂ ಆಗಿರಲಿಲ್ಲ.

"ಎಂತ ಮೋನೆ ಅದು? ಆಕಾಶಕ್ಕೆ ತಟ್ಟೆ ಹಿಡಿದ್ರೆ ಮೇಲಿಂದ ಅನ್ನ ಹಾಕ್ತಾರಾ?"

"ದಾರಿ ಹಾಕ್ತಾರೆ ಉಮ್ಮ" ಎಂದು ಬ್ಯಾರಿಗಳು ಕೂಗಿದರು.

ಮೊಬೈಲು ಹೇಳಿದ ಹಾಗೆ ಕೊಯ್ಲಿನವನು ದೋಟಿಯ ಬುಡವನ್ನು ಎತ್ತಿ ಎತ್ತಿ ಇಡುತ್ತ ಹೋದ. ಎಡಕ್ಕೆ, ಸ್ವಲ್ಪ ಮುಂದೆ, ಇನ್ನೊಂದು ಚೂರು. ನಿಲ್ಲು ಎಂದಿತು. ಬುಡ ಊರಿದಲ್ಲಿ ಗೂಟ ಹೊಡೆದೆವು. ಗೂಟದ ಸುತ್ತ ಅಗೆದೆವು. ಬೇರು ಸಿಕ್ಕಿತು, ಒಡೆದ ಹೆಂಚು ಸಿಕ್ಕಿತು, ಒಂದು ಹಳೆಯ ಸೀಸೆ ಸಿಕ್ಕಿತು. ಮೊಣಕಾಲುದ್ದ ಗುಂಡಿಯಾದರೂ ಕಲ್ಲು ಮಾತ್ರ ಸಿಗಲಿಲ್ಲ. ತೋಡು ಕೊಂಡುಹೋಗಿರಬಹುದು ಎಂದು ಯಜಮಾನರು ಹೇಳಿದರು. ಗೂಟದಿಂದ ತೋಡಿನ ಅಂಚಿಗೆ ಟೇಪು ಹಿಡಿದೆ. ಏಳು ಅಡಿ, ಮೇಲೆ ಎರಡು ಬೆರಳು.

ಬ್ಯಾರಿಗಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡತೊಡಗಿದರು. ಜಗಲಿಯ ಕಡೆ ಅವರು ನೋಡಲೇ ಇಲ್ಲ. ಯಜಮಾನರಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಿದ್ದರೂ ಅದನ್ನು ಮುಖದ ಮೇಲೆ ತರಲಿಲ್ಲ.

"ಚಾ ಕುಡಿಯುವ ಬನ್ನಿ" ಎಂದರು ಮೆಲ್ಲಗೆ.

ನನಗೆ ಚಹಾ ಬೇಕಿರಲಿಲ್ಲ. ಮೇಲೆ ಪಾದೆಯಲ್ಲಿ ಬೆರಳಗಲದಷ್ಟೂ ತಪ್ಪದ ಲೆಕ್ಕ ಇಲ್ಲಿ ಕಲ್ಲನ್ನೇ ತೋರಿಸಲಿಲ್ಲವಲ್ಲ ಎಂದು ಮನಸ್ಸು ಕೊರೆಯುತ್ತಿತ್ತು. ತೋಡು ಕಲ್ಲನ್ನು ಕೊಂಡುಹೋಗುವುದಾದರೆ ಆ ಸೀಸೆಯನ್ನು ಯಾಕೆ ಬಿಟ್ಟಿತು? ಚೀಲದಿಂದ ಸರಪಳಿಯ ಕಾಲದ ನನ್ನ ಹಳೆಯ ಟೇಪು ತೆಗೆದು, ತೋಡಿನ ಕೆಳಗಡೆ ತೆರೆದ ಜಾಗದಲ್ಲಿದ್ದ ಇನ್ನೊಂದು ಗಡಿಕಲ್ಲಿನಿಂದ ಈ ಗೂಟಕ್ಕೆ ಅಳೆದೆ. ನಕ್ಷೆಗೆ ತಾಳೆಯಾಗಲಿಲ್ಲ. ಮತ್ತೊಮ್ಮೆ ಅಳೆದೆ. ಆಗಲೂ ಇಲ್ಲ. ಯಂತ್ರ ಸುಳ್ಳು ಹೇಳುತ್ತಿದೆ, ಅದೂ ಹಸಿರು ಅಕ್ಷರದಲ್ಲಿ. ಆ ಕ್ಷಣದಲ್ಲಿ ನನಗೆ ಆದ ದುಃಖ, ಬಹಳ ನಂಬಿದ ಮಂತ್ರಿಯನ್ನು ಕಳಕೊಂಡ ರಾಜನಿಗೂ ಆಗಿರಲಾರದು.

ಆಗ ಮತ್ತೆ ಉಮ್ಮನ ಸ್ವರ ಬಂತು.

"ಮೋನೆ, ಆ ಕೋಲನ್ನು ಯಾಕೆ ಅಷ್ಟು ಮಾಲಿಸಿ ಹಿಡಿದದ್ದು? ಕಾಲು ಬಾರದ ನಾನು ಇಲ್ಲಿ ನೆಟ್ಟಗೆ ಕೂತಿದ್ದೇನೆ, ಅದಕ್ಕೆಂತ ಬೇನೆ?"

ನಾವು ಮೇಲೆ ನೋಡಿದೆವು. ಕೆಳಗೆ ನಿಂತವರಿಗೆ ಸೋಗೆಗಳಾಚೆ ಏನೂ ಕಾಣುವುದಿಲ್ಲ. ಅಷ್ಟು ಹೊತ್ತೂ ಗೂಟದ ಪಕ್ಕ ದೋಟಿ ಹಿಡಿದೇ ನಿಂತಿದ್ದ ಕೊಯ್ಲಿನವನೂ ಮೇಲೆ ನೋಡಿದ. ನಾನು ತೋಡಿನ ಬದಿಯಲ್ಲಿ ಓಡಿದೆ. ಈ ವಯಸ್ಸಿನಲ್ಲಿ ಅದನ್ನು ಓಟ ಎನ್ನಬಹುದಾದರೆ. ಜಗಲಿ ಹತ್ತಿ ಉಮ್ಮನ ಕುರ್ಚಿಯ ಹಿಂದೆ ನಿಂತು, ಬಂದ ದಾರಿಯನ್ನೇ ನೋಡಿದೆ. ಅಲ್ಲಿಂದ ತೋಡಿನ ನೇರಕ್ಕೆ ಇಡೀ ದೋಟಿ ಕಾಣುತ್ತಿತ್ತು. ಬುಡ ತೋಡಿನ ಬದಿಯಲ್ಲಿದೆ, ತಟ್ಟೆ ತೋಟದ ಮೇಲೆ ಬಗ್ಗಿದೆ. ತಪ್ಪು ಯಂತ್ರದ್ದಲ್ಲ. ಯಂತ್ರ ತಟ್ಟೆ ಇದ್ದ ಜಾಗವನ್ನು ಸರಿಯಾಗಿಯೇ ಹೇಳಿತ್ತು. ನಾವು ಗೂಟ ಹೊಡೆದದ್ದು ಬುಡದಲ್ಲಿ.

ಕೆಳಗೆ ಬಂದು ಹೇಳಿದಾಗ ಬ್ಯಾರಿಗಳು ಎದ್ದು ನಿಂತರು.

"ಕಂಡ್ರಾ ಅಣ್ಣಾ, ನಿಮ್ಮ ತೋಟದ ಕೊಯ್ಲಿನವ ದೋಟಿಯನ್ನೂ ನಿಮ್ಮ ಕಡೆಗೇ ಮಾಲಿಸಿದ್ದಾನೆ."

"ನಾನು ಹೇಳಿಕೊಟ್ಟದ್ದಾ ಬ್ಯಾರಿಗಳೇ? ತುದಿಗೆ ಕಟ್ಟುವ ಅಂತ ಹೇಳಿದ್ದೇ ನಾನು."

ಕೊಯ್ಲಿನವನಿಗೆ ನಿಜಕ್ಕೂ ನೋವಾಯಿತು. "ಯಾರ ಕಡೆಗೂ ಅಲ್ಲ ಮಾರಾಯ್ರೆ. ದೋಟಿ ಹಿಡಿದ್ರೆ ನನ್ನ ಕೈ ಮರದ ಕಡೆಗೇ ಹೋಗುದು. ಗೊನೆ ಇರುದು ಅಲ್ಲಿ. ನೆಟ್ಟಗೆ ಹಿಡಿದು ಆಕಾಶ ಕೊಯ್ಲಿಕ್ಕೆ ಉಂಟಾ?"

ವರ್ಷಗಟ್ಟಲೆ ಗೊನೆಯ ಕಡೆಗೆ ಬಾಗಿಸಿ ಪಳಗಿದ ಕೈ, ಬಾಗಿಸಿದ್ದು ಅದಕ್ಕೇ ತಿಳಿಯದು. ಇಡೀ ಲೋಕದಲ್ಲಿ ಉಪಗ್ರಹದ ಅಳತೆ ಈ ಕಾರಣಕ್ಕೆ ತಪ್ಪಿದ್ದು ನಮ್ಮಲ್ಲಿ ಮಾತ್ರ ಇರಬೇಕು. ನಮ್ಮ ಜಿಲ್ಲೆಯ ಕೊಡುಗೆ ಎಂದು ನಾನು ಅದನ್ನು ಹೆಮ್ಮೆಯಿಂದಲೇ ದಾಖಲಿಸುತ್ತೇನೆ.

ಇನ್ನು ದೋಟಿಯನ್ನು ನೆಟ್ಟಗೆ ನಿಲ್ಲಿಸುವ ಕೆಲಸ. ಅದಕ್ಕೆ ಆಕಾಶದಿಂದ ಏನೂ ಇಳಿಯಬೇಕಿಲ್ಲ. ಒಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ದಾರ ನೆಟ್ಟಗೆ ನಿಲ್ಲುತ್ತದೆ. ಆ ದಾರದ ನೇರಕ್ಕೆ ದೂರದ ದೋಟಿಯನ್ನು ನೋಡಿದರೆ ಬಾಗಿದ್ದು ಕಾಣುತ್ತದೆ. ಹೀಗೆ ಎರಡು ದಿಕ್ಕಿನಿಂದ ನೋಡಬೇಕು. ಒಂದು, ತೋಡಿನ ಆಚೆ ದಡದಿಂದ. ಇನ್ನೊಂದು, ತೋಡಿನ ನೇರಕ್ಕಿರುವ ಜಗಲಿಯಿಂದ. ದಾರಿಯ ಅಗಲವನ್ನು ತೀರ್ಮಾನಿಸುವುದು ಈ ಎರಡನೆಯದೇ. ಅಲ್ಲಿ ಕುಳಿತಿರುವವರು ಉಮ್ಮ. ಕುರ್ಚಿ ಬಿಟ್ಟು ಏಳುವ ಸ್ಥಿತಿಯಲ್ಲಿ ಅವರಿಲ್ಲ, ಏಳುವ ಮನಸ್ಸೂ ಅವರಿಗಿಲ್ಲ.

"ಅದು ಹೇಗಾಗ್ತದೆ ಸರ್ವೆಯರ್ರೆ?" ಎಂದರು ಯಜಮಾನರು. "ದಾರಿ ಬೇಕಾದದ್ದು ಉಮ್ಮನಿಗೆ. ನೆಟ್ಟಗೆ ಉಂಟಾ ಅಂತ ಹೇಳುದೂ ಉಮ್ಮ."

"ನೀವೂ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಇಬ್ಬರೂ ಸರಿ ಅಂದರೆ ಸರಿ" ಎಂದೆ.

ಹೀಗೆ ಬ್ಯಾರಿಗಳು ಇನ್ನೊಂದು ದಾರಕ್ಕೆ ಕಲ್ಲು ಕಟ್ಟಿಕೊಂಡು ಆಚೆ ದಡಕ್ಕೆ ಹೋದರು. ಯಜಮಾನರು ಜಗಲಿಗೆ ಹೋಗಿ, ಮಾಡಿನ ಜಂತಿಗೆ ನನ್ನ ಗುಂಡು ಇಳಿಬಿಟ್ಟು, ಉಮ್ಮನ ಕುರ್ಚಿಯ ಪಕ್ಕದ ಮೆಟ್ಟಿಲಿನಲ್ಲಿ ಕುಳಿತರು. ಉಮ್ಮ ಅವರಿಗೆ ವೀಳ್ಯದೆಲೆ ಕೊಟ್ಟರಂತೆ. ಇಬ್ಬರೂ ಒಂದೇ ದಾರದ ಹಿಂದೆ ಒಂದೊಂದು ಕಣ್ಣು ಮುಚ್ಚಿ, ಎಲೆ ಜಗಿಯುತ್ತ, ನ್ಯಾಯಾಧೀಶರಂತೆ ವಿರಾಜಮಾನರಾದರು.

"ತೋಡಿನ ಕಡೆಗೆ ತಾ" ಎಂದು ಉಮ್ಮ ಕೂಗಿದರು.

"ಸಾಕು ಸಾಕು, ಅಷ್ಟು ಬೇಡ" ಎಂದರು ಯಜಮಾನರು.

"ಎಂತ ಸಾಕು? ನಿಮ್ಮ ಕಣ್ಣಿಗೆ ಪೊರೆ ಉಂಟಾ? ದಾರ ಎಲ್ಲಿ, ಕೋಲು ಎಲ್ಲಿ?"

"ಪೊರೆ ಇಲ್ಲ ಉಮ್ಮ, ಹೋದ ವರ್ಷ ತೆಗೆಸಿದ್ದು. ಆಯ್ತು, ಇನ್ನೊಂದು ಚೂರು ತಾ ಮಾರಾಯ."

ಆಚೆ ದಡದಿಂದ ಬ್ಯಾರಿಗಳು ತೋಡಿನ ಮೇಲಕ್ಕೆ, ತೋಡಿನ ಕೆಳಕ್ಕೆ ಎಂದು ಕೈ ಬೀಸುತ್ತಿದ್ದರು. ನಡುವೆ ಕೊಯ್ಲಿನವನು, ಕೊಂಬೆಯ ಮೇಲೆ ಹಾವು ಕಂಡವನಂತೆ, ಉಸಿರು ಬಿಗಿಹಿಡಿದು ನಿಂತಿದ್ದ. ಪ್ರತಿ ಸಲ ದೋಟಿ ನೆಟ್ಟಗಾದಾಗ ನಾನು ಮೊಬೈಲು ನೋಡಿ ಬುಡವನ್ನು ಸರಿಸಲು ಹೇಳುತ್ತಿದ್ದೆ. ಬುಡ ಸರಿದಾಗ ದೋಟಿ ಮತ್ತೆ ಬಾಗುತ್ತಿತ್ತು. ಜಗಲಿಯಿಂದ ಮತ್ತೆ ಬೈಗುಳ ಬರುತ್ತಿತ್ತು. ಗಾಳಿ ಬಂದರೆ ಎಲ್ಲರೂ ಸುಮ್ಮನೆ ಕಾಯುತ್ತಿದ್ದೆವು. ಬುಡ ಮಾತ್ರ ಪ್ರತಿ ಸಲವೂ ಒಂದಿಷ್ಟು ತೋಟದೊಳಗೆ ಹೋಗುತ್ತಿತ್ತು. ನಮ್ಮ ಗುಂಡಿಯನ್ನು ದಾಟಿತು. ತೋಟದ ಕೊನೆಯ ಸಾಲಿನ ಕಡೆಗೆ ಹೋಯಿತು.

"ಈಗ ಸರಿ" ಎಂದು ಜಗಲಿಯಿಂದ ಎರಡು ಸ್ವರ ಒಟ್ಟಿಗೆ ಬಂದವು. ಆಚೆ ದಡದಲ್ಲಿ ಬ್ಯಾರಿಗಳ ಕೈ ನಿಂತಿತು. ಪರದೆಯಲ್ಲಿ ಹಸಿರು. ನಿಲ್ಲು ಎಂದಿತು ಮೊಬೈಲು.

ದೋಟಿಯ ಬುಡ ನಿಂತದ್ದು ಕೊನೆಯ ಸಾಲಿನ ಒಂದು ಅಡಿಕೆ ಮರದ ಕಾಲಬುಡದಲ್ಲಿ, ವರ್ಷಗಳ ಸೋಗೆ ಕೊಳೆತ ರಾಶಿಯ ಮೇಲೆ.

ಯಜಮಾನರು ಜಗಲಿಯಿಂದ ಇಳಿದು ಬರುವವರೆಗೆ ನಾವು ಯಾರೂ ಹಾರೆ ಮುಟ್ಟಲಿಲ್ಲ. ಅವರು ಬಂದು, ನೋಡಿ, ಎಲೆಯ ರಸ ಉಗುಳಿ, "ಅಗೆಯಿರಿ" ಎಂದರು. ಕೊಯ್ಲಿನವನು ಸೋಗೆ ಸರಿಸಿ ಹಾರೆ ಹಾಕಿದ. ಒಂದು ಸಲ ಮೆತ್ತಗೆ ಹೋಯಿತು. ಎರಡನೆಯ ಸಲವೂ ಮೆತ್ತಗೆ. ಮೂರನೆಯ ಸಲ ಠಣ್ ಎಂದಿತು.

ಆ ಸದ್ದನ್ನು ನಾನು ವರ್ಣಿಸಲಾರೆ. ಆಮೇಲೆ ನಾಲ್ವರೂ ಕೈಯಿಂದಲೇ ಮಣ್ಣು ಬಗೆದೆವು. ಯಾರ ಕೈ ಯಾರದ್ದೆಂದು ಗೊತ್ತಾಗಲಿಲ್ಲ. ಕರಿಕಲ್ಲು, ನಾಲ್ಕು ಮೂಲೆ ಸರಿಯಾಗಿ ಕೆತ್ತಿದ್ದು, ಇಟ್ಟ ದಿನದಿಂದ ಅಲ್ಲಾಡಿದಂತೆ ಕಾಣುತ್ತಿರಲಿಲ್ಲ. ಯಜಮಾನರು ತೋಡಿನಿಂದ ಬೊಗಸೆಯಲ್ಲಿ ನೀರು ತಂದು ಅದರ ತಲೆ ತೊಳೆದರು. ಮೇಲೆ ಅಡ್ಡ ಉದ್ದ ಕೊರೆದ ಸರ್ವೆ ಗುರುತು ಎದ್ದು ಬಂತು. ತಿರುಗಾಡುವ ಕಲ್ಲುಗಳ ಬಗ್ಗೆ ಮೊದಲಿಗೆ ನಾನು ಆಡಿದ ಮಾತನ್ನು ಈ ಒಂದು ಕಲ್ಲಿನ ಮಟ್ಟಿಗೆ ಹಿಂದಕ್ಕೆ ಪಡೆಯುತ್ತೇನೆ.

"ಇದರ ಮೇಲೆಯೇ ನನ್ನ ಅಪ್ಪ ಸಸಿ ಇಟ್ಟದ್ದು" ಎಂದರು ಯಜಮಾನರು. "ನಾನು ಪ್ರತಿ ವರ್ಷ ಸೊಪ್ಪು ಹಾಕಿದ್ದು."

ಟೇಪಿನ ಒಂದು ತುದಿಯನ್ನು ಕಲ್ಲಿನ ಮೇಲೆ ಅವರೇ ಹಿಡಿದರು. ಇನ್ನೊಂದು ತುದಿ ಬ್ಯಾರಿಗಳ ಕೈಯಲ್ಲಿ, ತೋಡಿನ ಅಂಚಿನಲ್ಲಿ. ನಾನು ಓದಿದೆ. ಹನ್ನೊಂದು ಅಡಿ, ಮೇಲೆ ಮೂರು ಇಂಚು. ಬ್ಯಾರಿಗಳು ಇನ್ನೊಮ್ಮೆ ಓದಿ ಎಂದರು. ಓದಿದೆ. ಅವರು ಜಗಲಿಯ ಕಡೆ ತಿರುಗಿ, "ಉಮ್ಮ, ಹನ್ನೊಂದು" ಎಂದು ಕೂಗಿದರು.

"ಮೊದಲು ಏಳು ಅಂದ್ರಿ, ಈಗ ಹನ್ನೊಂದು" ಎಂದು ಮೇಲಿಂದ ಉತ್ತರ ಬಂತು. "ಇನ್ನೊಂದು ಸಲ ಅಳೆದ್ರೆ ಪಂಜ ಪೇಟೆಯೇ ಇಲ್ಲಿಗೆ ಬರ್ತದಾ ಹೇಗೆ?"

ಕೊನೆಯ ಸಾಲಿನ ಮರಗಳನ್ನು ಯಜಮಾನರು ಒಂದೊಂದಾಗಿ ನೋಡಿದರು. ಅವೆಲ್ಲ ಗಡಿಯ ಆಚೆ ನಿಂತಿದ್ದವು. ಗೊನೆ ಇನ್ನೂ ಪೂರ್ತಿ ಹಣ್ಣಾಗಿರಲಿಲ್ಲ.

"ನಾನು ಹೇಳಿದ ಮಾತು ಹೇಳಿದ್ದೇ" ಎಂದರು. "ಆದ್ರೆ ಬ್ಯಾರಿಗಳೇ, ಈ ಸಾಲಿನ ಕೊಯ್ಲು ಮುಗಿಲಿ. ಆಮೇಲೆ ಕಡಿರಿ."

"ಕೊಯ್ಲು ಮುಗಿಲಿ ಅಣ್ಣಾ" ಎಂದರು ಬ್ಯಾರಿಗಳು. "ದೋಟಿ ನಾನೇ ಹಿಡಿತೇನೆ ಬೇಕಾದ್ರೆ."

"ನೀವು ಹಿಡಿದ್ರೆ ಅದು ತೋಡಿನ ಕಡೆಗೆ ಮಾಲ್ತದೆ. ಬೇಡ."

ಚಹಾ ಆಗ ಕುಡಿದೆವು, ಉಮ್ಮನ ಜಗಲಿಯಲ್ಲಿ. ನನ್ನ ತಟ್ಟೆಯನ್ನು ಉಮ್ಮ ಕೈಗೆ ತೆಗೆದುಕೊಂಡು, ಆಂಟೆನಾವನ್ನು ಬೆರಳಿನಿಂದ ತಟ್ಟಿ, ಹಿಂಬದಿ ತಿರುಗಿಸಿ, ಯಾರ ಮದುವೆಯದ್ದು ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಆಕಾಶದಲ್ಲಿದ್ದದ್ದು ಗೊತ್ತಾಗ್ತದೆ, ಕೈಯಲ್ಲಿದ್ದದ್ದು ಗೊತ್ತಿಲ್ಲ ಎಂದು ಅದರಲ್ಲೇ ಅಕ್ಕಿಹಿಟ್ಟಿನ ಎರಡು ಕಲ್ತಪ್ಪ ಹಾಕಿ ನನ್ನ ಮುಂದಿಟ್ಟರು. ಆಂಟೆನಾದ ಸುತ್ತ ತಿಂದೆ.

ನನ್ನಂಥ ಖಾಸಗಿ ಮನುಷ್ಯನ ಅಳತೆಗೆ ಕಚೇರಿಯಲ್ಲಿ ಬೆಲೆಯಿಲ್ಲ. ಅದಿರಬಾರದು ಕೂಡ. ಬ್ಯಾರಿಗಳು ಅರ್ಜಿ ಕೊಟ್ಟ ಮೇಲೆ ಸರ್ಕಾರಿ ಸರ್ವೆಯರ್ ತಮ್ಮ ಯಂತ್ರ ತಂದು, ಅದೇ ಕಲ್ಲಿನಿಂದ ಅಳೆದು, ನಕ್ಷೆ ಬರೆದು ಸಹಿ ಹಾಕಿದರು. ಅವರ ಅಳತೆಗೂ ನಮ್ಮದಕ್ಕೂ ಇದ್ದ ವ್ಯತ್ಯಾಸ ಒಂದು ಇಂಚಿಗಿಂತ ಕಡಿಮೆ. ಕೊಯ್ಲು ಮುಗಿದ ಮೇಲೆ ಕೊನೆಯ ಸಾಲನ್ನು ಕಡಿದರು. ಪಂಚಾಯತಿನ ಜೆಸಿಬಿ ಬಂತು. ಕಲ್ತಪ್ಪದ ಎಣ್ಣೆ ತಟ್ಟೆಯಿಂದ ಇನ್ನೂ ಪೂರ್ತಿ ಹೋಗಿಲ್ಲ. ಸಂಕೇತಕ್ಕೆ ಅದರಿಂದ ತೊಂದರೆಯಾಗಿಲ್ಲ.

ಪೆರ್ನಾಳ್ ಕಳೆದ ಮೇಲೆ ಉಮ್ಮ ಅಂಗಳದಲ್ಲಿ ಆಟೋ ಹತ್ತಿ ಕಲ್ಲುಗುಂಡಿಗೆ ಹೋದರು. ದಾರಿಯ ಅಗಲ ಹನ್ನೊಂದು ಅಡಿ ಮೂರು ಇಂಚು.